ಅಲಾರಮ್ಮಿಗೆ ಹೊಲಿದ ಟೊಪ್ಪಿ

ಹೊಲಿಗೆ ಸಂಘದಲ್ಲಿ ಬೆಳಗಾದರೆ ಒಂದೇ ಗೋಳು. ಇಸ್ತ್ರಿಪೆಟ್ಟಿಗೆಯಿಂದ ಹಬೆ ಎದ್ದಿತೋ ಇಲ್ಲವೋ, ಛಾವಣಿಯ ಹೊಗೆ ಅಲಾರಂ ಕಿರುಚಲು ಶುರು. ಹನ್ನೆರಡು ಹೆಂಗಸರೂ ಮಿಷನ್ನು ಬಿಟ್ಟು ಹೊರಗೆ ಓಡಬೇಕು, ಮತ್ತೆ ಗೊಣಗುತ್ತ ಒಳಗೆ ಬರಬೇಕು.

ಸಂಘದ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದರು. ಅಲಾರಮ್ಮನ್ನೂ ಬೆಂಕಿ ಆರಿಸುವ ಸಿಲಿಂಡರನ್ನೂ ಅವಳು ಅಂಥ ಸಾಮಾನು ಮಾರುವ ತನ್ನ ಅಳಿಯನಿಂದಲೇ ಹಾಕಿಸಿದ್ದಳು. ಅಳಿಯರಾಯ ಬಂದು ಕಾಫಿ ಕುಡಿದು, ಇಲ್ಲಿ ಏನು ಕೆಲಸ ನಡೆಯುತ್ತೆ ಅಂತ ಒಂದು ಮಾತೂ ಕೇಳದೆ, ನಾಲ್ಕು ಮೊಳೆ ಹೊಡೆಸಿ ಹೋಗಿದ್ದ.

ಗುಂಡಿಗೆ ಕಾಜಾ ಹಾಕುವವಳಿಗೆ ಕಾಜಾ ಅಂತಲೇ ಹೆಸರು ಬಿದ್ದಿತ್ತು. ಅವಳ ಗಂಡ ಅಗ್ನಿಶಾಮಕ ದಳದವನು. ಅವಳು ಆಗಲೇ ಕೇಳಿದ್ದಳು.

“ಲೈಸೆನ್ಸ್ ನೋಡಿದ್ರಾ ದೊಡ್ಡಕ್ಕ? ಬೇರೆ ಎಲ್ಲೆಲ್ಲಿ ಹಾಕಿದ್ದಾರೆ, ಅಲ್ಲಿ ವಿಚಾರಿಸಿದ್ರಾ? ಆಮೇಲೆ ಬಂದು ಪರೀಕ್ಷೆ ಮಾಡೋರು ಯಾರು?”

“ಅಳಿಯನ ಹತ್ರ ಲೈಸೆನ್ಸ್ ತೋರ್ಸಪ್ಪಾ ಅನ್ನೋಕಾಗುತ್ತೇನೇ? ಮಗಳ ಮುಖ ಹೇಗೆ ನೋಡ್ಲಿ?”

ಅಲಾರಮ್ಮಿನ ಕಾಟ ತಡೆಯದೆ ಅಳಿಯನಿಗೆ ಫೋನು ಮಾಡಿದರೆ, ಹೊಸದು ಅತ್ತೆ, ಸ್ವಲ್ಪ ದಿನ ಕೂಗುತ್ತೆ ಅಂದ. ಆಮೇಲೆ ಫೋನೇ ಎತ್ತಲಿಲ್ಲ. ಕೊನೆಗೆ ದೊಡ್ಡಕ್ಕ ದರ್ಜಿ ಮಾಡುವ ಕೆಲಸವನ್ನೇ ಮಾಡಿದಳು. ಏಣಿ ಹತ್ತಿ ಅಳತೆ ತೆಗೆದಳು, ದಪ್ಪ ಬಟ್ಟೆ ಕತ್ತರಿಸಿದಳು, ಅಂಚಿಗೆ ಎಲಾಸ್ಟಿಕ್ ಕೊಟ್ಟು ಅಲಾರಮ್ಮಿಗೊಂದು ಟೊಪ್ಪಿ ಹೊಲಿದು ತೊಡಿಸಿದಳು. ಅಲಾರಂ ಗಪ್‌ಚಿಪ್. ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಜಾ ಒಬ್ಬಳೇ ತಟ್ಟಲಿಲ್ಲ.

ಒಂದು ಮಧ್ಯಾಹ್ನ ಎಲ್ಲರೂ ಅಂಗಳದಲ್ಲಿ ಊಟಕ್ಕೆ ಕೂತಿದ್ದರು. ಇಸ್ತ್ರಿ ಮಾಡುವ ಚಿಕ್ಕಮ್ಮ, ದೊಡ್ಡಕ್ಕನ ತಾಯಿಯ ಸ್ವಂತ ತಂಗಿ, ಸೊಂಟನೋವು ಅಂತ ಇಸ್ತ್ರಿ ಕೋಣೆಯಲ್ಲೇ ಅಡ್ಡಾಗಿದ್ದರು. ಇಸ್ತ್ರಿಯ ವೈರಿನಿಂದ ಕಿಡಿ ಹಾರಿ ಚಿಂದಿ ರಾಶಿಗೆ ಬಿತ್ತು. ಹೊಗೆ ಎದ್ದಿತು. ಟೊಪ್ಪಿ ತೊಟ್ಟ ಅಲಾರಂ ಉಸಿರೆತ್ತಲಿಲ್ಲ.

ಬಾಗಿಲ ಸಂದಿಯಲ್ಲಿ ಹೊಗೆ ಕಂಡಾಗ ದೊಡ್ಡಕ್ಕ ಓಡಿಹೋಗಿ ಸಿಲಿಂಡರಿನ ಪಿನ್ನು ಎಳೆದು ಒತ್ತಿದಳು. ಬುಸ್ ಅಂತ ಒಂದಿಷ್ಟು ಗಾಳಿ ಬಂತು, ಅಷ್ಟೇ. ಒಳಗಿನ ಒತ್ತಡ ತೋರಿಸುವ ಅದರ ಮುಳ್ಳು ಯಾವತ್ತೋ ಕೆಂಪಿಗೆ ಇಳಿದಿತ್ತು. ಮುಳ್ಳು ನೋಡಬೇಕು ಅಂತ ಅವಳಿಗೆ ಯಾರು ಹೇಳಿಕೊಟ್ಟಿದ್ದರು? ಕಾಜಾ ಒದ್ದೆ ಕಂಬಳಿ ಹೊದ್ದು ನುಗ್ಗಿ ಚಿಕ್ಕಮ್ಮನನ್ನು ಎಳೆತಂದಳು. ಜೀವ ಉಳಿಯಿತು. ಆದರೆ ಚಿಕ್ಕಮ್ಮನ ಕೈಗಳೆರಡೂ ಸುಟ್ಟು ಬೆರಳು ಮುರುಟಿಹೋದವು.

ಆಸ್ಪತ್ರೆಯಲ್ಲಿ ದೊಡ್ಡಕ್ಕನ ಅಳು ನೋಡಲಾರದೆ, ನಗಿಸೋಣವೆಂದು ಚಿಕ್ಕಮ್ಮನೇ ಅಂದರು: “ಟೊಪ್ಪಿ ಮಾತ್ರ ಚೆನ್ನಾಗಿ ಹೊಲಿದಿದ್ದೆ ಕಣೇ. ಅಳತೆ ಒಂಚೂರೂ ತಪ್ಪಿರ್ಲಿಲ್ಲ.”

ದೊಡ್ಡಕ್ಕನಿಗೆ ನಗು ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಅಳಿಯ ತಲೆ ತಗ್ಗಿಸಿಕೊಂಡು ಬಂದ. ಹಬೆ ಇರೋ ಕಡೆ ಹೊಗೆ ಅಲಾರಂ ಹಾಕಬಾರದು ಅಂತ ನಂಗೂ ಗೊತ್ತಿರ್ಲಿಲ್ಲ ಅತ್ತೆ, ಅಂದ.

“ನಾನೂ ಕೇಳ್ಲಿಲ್ವಲ್ಲಪ್ಪಾ,” ಅಂದಳು ದೊಡ್ಡಕ್ಕ.

ಈ ಸಲ ಅವಳು ಬೇರೆಯವರನ್ನು ಕರೆಸಿ ಎಲ್ಲವನ್ನೂ ಕೇಳಿದಳು. ಲೈಸೆನ್ಸ್ ನೋಡಿದಳು, ಅವರು ಹಿಂದೆ ಕೆಲಸ ಮಾಡಿದ ಎರಡು ಕಡೆ ಕಾಜಾಳ ಜೊತೆ ಹೋಗಿ ವಿಚಾರಿಸಿದಳು. ಹೊಸಬರು ಇಸ್ತ್ರಿ ಕೋಣೆಯಲ್ಲಿ ಅರ್ಧ ಗಂಟೆ ನಿಂತು ಹಬೆ ನೋಡಿದರು, ಅಲ್ಲಿಗೆ ಹೊಗೆಯದಲ್ಲ, ಶಾಖಕ್ಕೆ ಕೂಗುವ ಅಲಾರಂ ಬೇಕು ಅಂದರು. ಉಳಿದ ಎಲ್ಲರ ಕೈಗೂ ಸಿಲಿಂಡರ್ ಕೊಟ್ಟು ಕಲಿಸಿದರು. ಮುಂದಿನ ತಪಾಸಣೆಯ ದಿನವನ್ನು ಚೀಟಿಯಲ್ಲಿ ಬರೆದು ಅಂಟಿಸಿ ಹೋದರು.

ನಿಮ್ಮ ಸಂಘ, ಶಾಲೆ, ಅಂಗಡಿ ಯಾವುದೇ ಇರಲಿ, ಬೆಂಕಿಯಿಂದ ಕಾಯುವ ಸಾಮಾನು ಕೊಳ್ಳುವಾಗ ದಾಕ್ಷಿಣ್ಯ ಬಿಡಿ. ತರುವವರು ನಂಟರಾದರೂ ಸರಿ, ಲೈಸೆನ್ಸ್ ಕೇಳಿ, ಜಾಗ ನೋಡಿಸಿ, ಕೆಟ್ಟರೆ ಯಾರು ಬರುತ್ತಾರೆ ಅಂತ ಬರೆಸಿಕೊಳ್ಳಿ. ಅಲಾರಂ ಸುಮ್ಮನೆ ಕೂಗಿದರೆ ಅದರ ಬಾಯಿ ಮುಚ್ಚಬೇಡಿ, ತಿಳಿದವರನ್ನು ಕರೆಸಿ. ಕೇಳುವುದಕ್ಕೆ ಸಂಕೋಚವಾದರೆ ಚಿಕ್ಕಮ್ಮನನ್ನು ನೆನೆಸಿಕೊಳ್ಳಿ. ದಿನಾ ಬೆಳಿಗ್ಗೆ ಅವರ ರವಿಕೆಯ ಗುಂಡಿ ಹಾಕುವುದು ಈಗ ದೊಡ್ಡಕ್ಕನೇ.