ಓದಿ ವಿವರಿಸಲಾಗಿದೆ

ಜೈಲಿನ ಹೆಬ್ಬಾಗಿಲ ಎದುರಿನ ಕಲ್ಲುಕಟ್ಟೆಯ ಮೇಲೆ ನೀಲವ್ವ ದಿನವೂ ಬಂದು ಕೂರುತ್ತಿದ್ದಳು. ಸೆರಗು ಬಿಗಿದುಕೊಂಡು, ಬೆನ್ನು ನೆಟ್ಟಗೆ ಮಾಡಿ, ಯಾರೋ ಈಗ ಕರೆಯುತ್ತಾರೆ ಎಂಬಂತೆ. ನಾನು ಆ ಜೈಲಿನ ಗುಮಾಸ್ತ.

ಆಕೆಯ ಗಂಡ ದ್ಯಾಮಪ್ಪ ಮದುವೆಗಳಿಗೆ ಮೈಕ್ ಬಾಡಿಗೆ ಕೊಡುವವನು. ಊರಿನ ಗೋಮಾಳಕ್ಕೆ ಸರ್ಕಾರ ಬೇಲಿ ಹಾಕಿದಾಗ ಜನ ಸಭೆ ಸೇರಿದರು, ಮೈಕ್ ಅವನದಿತ್ತು. ಮರುದಿನ ಅವನನ್ನು ಹಿಡಿದು ತಂದರು. ಮೊಕದ್ದಮೆಯಿಲ್ಲ, ವಿಚಾರಣೆಯಿಲ್ಲ. ಮುಂದೆ ದೇಶದ ಭದ್ರತೆಗೆ ಧಕ್ಕೆ ತಂದಾನು ಎಂಬ ಅನುಮಾನದ ಮೇಲೆ ಒಂದು ವರ್ಷದ ಮುನ್ನೆಚ್ಚರಿಕೆಯ ಬಂಧನ.

"ಸಾಹೇಬ್ರ, ನಮ್ಮ ಮನಿಯವ್ರು ಏನ್ ಮಾಡ್ಯಾರಂತ ಬರದಾರ್ರಿ?" ಎಂದು ನೀಲವ್ವ ಕೇಳುತ್ತಿದ್ದಳು.

"ಅದು ನಿನ್ನ ಗಂಡಗ ಗೊತ್ತೈತಿ ಬಿಡವ್ವಾ," ಎಂದು ನಾನು ಒಳಗೆ ಹೋಗಿಬಿಡುತ್ತಿದ್ದೆ.

ಅವನಿಗೆ ಗೊತ್ತಿರಲಿಲ್ಲ. ಬಂಧನದ ಕಾರಣಗಳು ಹನ್ನೊಂದು ಪುಟ, ಎಲ್ಲವೂ ಇಂಗ್ಲಿಷಿನಲ್ಲಿ. ದ್ಯಾಮಪ್ಪನಿಗೆ ಬರುತ್ತಿದ್ದುದು ಕನ್ನಡದಲ್ಲಿ ಸಹಿ ಹಾಕುವುದಷ್ಟೆ. ಜೈಲರು "ಸಹಿ ತಗೋ, ಸಾಕು" ಎಂದಿದ್ದರು. ತೆಗೆದುಕೊಂಡೆ. ಕೆಳಗೆ 'ಕನ್ನಡದಲ್ಲಿ ಓದಿ ವಿವರಿಸಲಾಗಿದೆ' ಎಂದು ನನ್ನ ದುಂಡು ಅಕ್ಷರದಲ್ಲಿ ಬರೆದೆ.

ನಾಲ್ಕನೆಯ ತಿಂಗಳು ನೀಲವ್ವನ ಅರ್ಜಿ ಹೈಕೋರ್ಟಿಗೆ ಬಂತು. ನ್ಯಾಯಮೂರ್ತಿಗಳು ನನ್ನನ್ನೇ ಕರೆಸಿದರು. "ಹೌದು ಅಂದ್ಬಿಡು, ಮುಗೀತು," ಎಂದು ಜೈಲರು ದಾರಿಯುದ್ದಕ್ಕೂ ಹೇಳಿಕೊಟ್ಟರು.

"ನೀವೇ ಓದಿ ಹೇಳಿದಿರಾ?"

"ಹೌದು ಸ್ವಾಮಿ."

"ಸರಿ. ಮೂರನೆಯ ಪುಟ ಅವರಿಗೆ ಹೇಗೆ ಹೇಳಿದಿರೋ ನಮಗೂ ಹಾಗೇ ಹೇಳಿ."

ಕೈಗೆ ಹಾಳೆ ಬಂತು. ಹೇಗೋ ಹೊಂದಿಸಿ ಹೇಳಬಹುದಿತ್ತು. ಆದರೆ ಹಿಂದಿನ ಬೆಂಚಿನಲ್ಲಿ ನೀಲವ್ವ ಅದೇ ಕಟ್ಟೆಯ ಮೇಲಿನ ಹಾಗೆ ನೆಟ್ಟಗೆ ಕೂತಿದ್ದವಳು, ಕೊನೆಗೂ ಯಾರೋ ಹೇಳುತ್ತಾರೆಂದು ಮುಂದಕ್ಕೆ ಬಾಗಿದಳು. ನಾನು ಹಾಳೆಯನ್ನು ಕೆಳಗಿಳಿಸಿದೆ.

"ಓದಿ ಹೇಳಿಲ್ಲ ಸ್ವಾಮಿ. ಸುಳ್ಳು ಬರದೀನಿ."

ನ್ಯಾಯಮೂರ್ತಿಗಳು ಹಾಳೆಯನ್ನು ವಾಪಸು ತರಿಸಿಕೊಂಡರು. ಆಮೇಲೆ ನೀಲವ್ವನ ಕಡೆ ತಿರುಗಿ, "ನಿನ್ನ ಗಂಡ ಮೈಕಿನಲ್ಲಿ ಮಾತಾಡಿ ಜನರನ್ನು ಕೆರಳಿಸಿದ ಅಂತ ಬರೆದಿದೆಯಮ್ಮ," ಎಂದರು.

ಆಕೆ ಎದ್ದು ನಿಂತಳು. "ಅವತ್ತು ಅವ್ರು ಆಡಿದ್ದು 'ಹಲೋ, ಹಲೋ' ಅಷ್ಟರಿ."

"ಅದು ನಿಜವೋ ಸುಳ್ಳೋ ನಾವು ತೂಗುವುದಿಲ್ಲ," ಎಂದರು ನ್ಯಾಯಮೂರ್ತಿಗಳು. "ಕಾರಣವೇ ತಿಳಿಯದವನು ಉತ್ತರ ಕೊಡುವುದು ಹೇಗೆ?" ಬಂಧನದ ಆದೇಶ ರದ್ದಾಯಿತು.

ದ್ಯಾಮಪ್ಪ ಮನೆಗೆ ಹೋದ. ನನ್ನನ್ನು ಕೆಲಸದಿಂದ ಅಮಾನತು ಮಾಡಿದರು. ಅವನ ಕ್ಷಮೆ ಕೇಳಬೇಕೆಂದುಕೊಂಡೆ, ಧೈರ್ಯ ಬರಲಿಲ್ಲ.

ಒಂದು ಬೆಳಿಗ್ಗೆ ನೀಲವ್ವನೇ ನನ್ನ ಮನೆಗೆ ಬಂದಳು. ಜೊತೆಗೊಬ್ಬ ಮುದುಕ.

"ಇವ್ರ ಮಗನ್ನೂ ಹಂಗ ಒಯ್ದಾರ್ರಿ. ಕಾಗದ ಕೊಟ್ಟಾರ. ಓದಿ ಹೇಳ್ರಿ."

"ನನ್ನ ಹತ್ರ ಯಾಕ ಬಂದಿ?"

"ನಿಮಗ ಓದಾಕ ಬರತೈತಲ್ರಿ."

ನಾನು ಚಾಪೆ ಹಾಸಿದೆ. ಮುದುಕ ಕೂತು, ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, ಚೆನ್ನಾಗಿ ಕೇಳಿಸುವ ಕಿವಿಯನ್ನು ನನ್ನತ್ತ ತಿರುಗಿಸಿದ.