ಎಲುಬು ಕಡಿದ ಆಡು

“ನಿಮ್ಮ ಮನ್ಯಾಗಿನ ಆಡೂ ಎಲುಬು ತಿಂತಾವೇನ್ಲೇ ಯಾಸೀನ? ಸಾಕಿದವರ ಚಟ ಅವಕ್ಕೂ ಹತ್ತೇತಿ ಬಿಡು!”

ತಿಕೋಟಾ ಬಸ್ ನಿಲ್ದಾಣದ ಎದುರು ದನದ ಔಷಧದಂಗಡಿ ಇಟ್ಟಿರುವ ಧೀರೇಂದ್ರ ಹೀಗೆಂದಾಗ ಕಟ್ಟೆಯ ಮೇಲಿದ್ದ ನಾಲ್ಕೈದು ಜನ ಗೊಳ್ಳೆಂದು ನಕ್ಕರು. ಬಿಜ್ಜರಗಿಯಲ್ಲಿ ಯಾಸೀನನ ಪಕ್ಕದ ಹೊಲದ ಗುರಣ್ಣನೂ ನಕ್ಕ.

ಯಾಸೀನನ ಕಿವಿ ಕಾದವು. ಆದರೂ ತಡೆದುಕೊಂಡ. ಬಿಜ್ಜರಗಿಯ ಹೊರಗಿನ ಕಲ್ಲುಗಣಿಯಲ್ಲಿ ಯಾರೋ ಸತ್ತ ಎಮ್ಮೆ ಎಸೆದಿದ್ದರು. ಹಸಿರು ಕಾಣದ ಈ ಬೇಸಿಗೆಯಲ್ಲಿ ಅಜ್ಜಿ ಮಾಶಾಬಿಯ ಆಡುಗಳು ಅದರ ಎಲುಬು ಕಡಿಯುವುದನ್ನು ಅವನು ಕಣ್ಣಾರೆ ಕಂಡಿದ್ದ. ಆಮೇಲೆ ಎರಡು ಆಡು ಕಾಲು ಸೋತು, ಕತ್ತು ವಾಲಿಸಿ ಸತ್ತವು. ಈಗ ಕಬರಿ ಎಂಬ ಗಬ್ಬದ ಆಡೂ ನೆಲ ಹಿಡಿದಿತ್ತು.

“ಆಡು ಸಸ್ಯಾಹಾರಿ. ಹುಲಿ ಮಾಂಸಾಹಾರಿ. ಕಾಗಿ ಎರಡೂ ತಿಂತೈತಿ, ಅದು ಮಿಶ್ರಾಹಾರಿ.” ಧೀರೇಂದ್ರ ಒಂದೊಂದೇ ಬೆರಳು ಮಡಚಿದ. “ಆರನೇ ಇಯತ್ತಾಕ್ಕ ಸಾಲಿ ಬಿಟ್ಟಾವಗ ಇದೆಲ್ಲಿ ತಿಳೀಬೇಕು? ಹೊಟ್ಟ್ಯಾಗ ಹುಳಾ ಆಗ್ಯಾವ. ಈ ಬಾಟ್ಲಿ ಒಯ್ದು ಕುಡಿಸು.”

“ಅದು ನುಂಗೂದ ಇಲ್ರೀ. ಹಾಕಿದ ನೀರು ಸುದ್ದಾ ಹೊರಗ ಬರ್ತಾವ.”

“ಬಾಯಾಗ ಗೊಟ್ಟ ಹಾಕಿ ಹೊಯ್ಯಲೇ. ಓದಿದಾವ ನೀನೋ, ನಾನೋ?”

ದಾರಿಯುದ್ದಕ್ಕೂ ಆ ಮೂರು ಶಬ್ದ ಯಾಸೀನನ ತಲೆಯಲ್ಲಿ ಸುತ್ತಿದವು. ಸಾಲಿಯಲ್ಲಿ ಅವನೂ ಅವನ್ನು ಕೂಗಿ ಕೂಗಿ ಹೇಳಿದ್ದ. ಪುಸ್ತಕದ ಚಿತ್ರದ ಆಡು ಹುಲ್ಲಿನ ಮುಂದೆ ನಿಂತಿತ್ತು, ಅದರ ಹೊಟ್ಟೆ ತುಂಬಿತ್ತು. ಹುಲ್ಲೇ ಇಲ್ಲದಾಗ ಅದು ಏನು ತಿನ್ನುತ್ತದೆಂದು ಮಾಸ್ತರರು ಹೇಳಿರಲಿಲ್ಲ.

“ನುಂಗದ ಆಡಿಗೆ ಹೊಯ್ದರ ಉಸುರಿನ ಕೊಳವಿಗೆ ಹೋಗತೈತಿ ಬೇ,” ಎಂದ ಮನೆಯಲ್ಲಿ.

ಮಾಶಾಬಿ ಕಬರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. “ಓದಿದಾವ ಹೇಳ್ಯಾನ ಯಪ್ಪಾ. ಹೊಯ್ಯಿ. ಹೊಟ್ಟ್ಯಾಗಿನ ಮರಿ ಆದ್ರೂ ಉಳಿಲಿ.”

ಕಂಡ ಕಣ್ಣನ್ನೇ ನಂಬದೆ ಯಾಸೀನ ಬಿದಿರಿನ ಗೊಟ್ಟ ಎತ್ತಿದ. ಔಷಧ ಇಳಿಯಿತು. ಕಬರಿ ಒಮ್ಮೆ ಕೆಮ್ಮಿತು, ಮತ್ತೊಮ್ಮೆ ಕೆಮ್ಮಿತು, ಮೂಗಿನಿಂದ ನೊರೆ ಬಂತು. ಹೊತ್ತು ನೆತ್ತಿಗೇರುವಷ್ಟರಲ್ಲಿ ಅದರ ಕತೆ ಮುಗಿದಿತ್ತು. ಅದರ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂತ. ಒಳಗೆ ಮರಿ ಎರಡು ಸಲ ಒದೆಯಿತು. ಮೂರನೆಯದಕ್ಕೆ ಕಾದ. ಬರಲಿಲ್ಲ.

ಹೂಳುವ ಮುಂಚೆ ಬಾಯಿ ಅಗಲಿಸಿ ನೋಡಿದ. ದವಡೆ ಹಲ್ಲುಗಳ ನಡುವೆ ಬೆರಳುದ್ದದ ಎಲುಬು ಸಿಕ್ಕಿಕೊಂಡಿತ್ತು.

ಮರುದಿನ ಮುಂಜಾನೆ ಅಂಗಡಿಯ ಕಟ್ಟೆಯ ಮೇಲೆ ಅದೇ ಜನ ಕೂತಿದ್ದರು. ಯಾಸೀನ ಅರ್ಧ ಉಳಿದ ಬಾಟ್ಲಿಯನ್ನೂ ಎಲುಬನ್ನೂ ಧೀರೇಂದ್ರನ ಮುಂದಿಟ್ಟ. ತನ್ನ ಕೈ ಇನ್ನೇನಾದರೂ ಮಾಡೀತೆಂದು ಅವನಿಗೇ ಭಯವಾಗಿ, ಅದನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಏನಲೇ ಇದು?”

ಗುರಣ್ಣ ಎದ್ದು ಬಂದು ಎಲುಬನ್ನು ಬೆಳಕಿಗೆ ಹಿಡಿದ. ಇವತ್ತು ಅವನ ಮುಖದಲ್ಲಿ ನಗೆ ಇರಲಿಲ್ಲ. “ಆಡಿನ ಹಲ್ಲಿನ ಗುರ್ತ ಅದಾವ್ರಿ ಇದರಮ್ಯಾಲೆ. ಬರ ಬಿದ್ದಾಗ ನಮ್ಮ ಆಕಳೂ ಕಡದಿತ್ತು, ಕೊಳೆತ ಎಲುಬಿನ ನಂಜೇರಿ ಹಿಂಗ ಕಾಲು ಸೋತು ಸತ್ತಿತು. ನಿನ್ನೇನ ಹೇಳಬೇಕಿತ್ತು ನಾ… ನಗೂದರಾಗ ಬಿಟ್ಟಬಿಟ್ನಿ.”

ಧೀರೇಂದ್ರ ಬಾಟ್ಲಿಯ ಮುಚ್ಚಳ ತಿರುವಿದ, ಮತ್ತೆ ಬಿಗಿದ.

“ಯಾಸೀನ,” ಎಂದ, ದನಿ ಇಳಿಸಿ. “ಆಡು ಈಗ ಹೆಂಗ ಐತೋ?”

ಯಾಸೀನ ಗುರಣ್ಣನ ಕೈಯಿಂದ ಎಲುಬು ತೆಗೆದುಕೊಂಡು ಅಂಗಿಯ ಕಿಸೆಗೆ ಹಾಕಿಕೊಂಡ. ಮೆಟ್ಟಿಲಿಳಿದು, ಬಿಸಿಲಿನಲ್ಲಿ ಬಿಜ್ಜರಗಿಯ ದಾರಿ ಹಿಡಿದ.