ನಲವತ್ತಾರು ದಿನ ನಿಂತ ಗಾಡಿ

ಬೆಳಗಿನ ಬಸ್ಸು ತಪ್ಪಿದರೆ ಎಷ್ಟು ಹೊತ್ತು ಕಾಯಬೇಕು ಅಂತ ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಗೆನಕಲ್ಲಿನ ಗಂಗಲಕ್ಷ್ಮಮ್ಮನನ್ನೇ ಕೇಳಿ. ಹೊಳೆ ದಂಡೆಯಲ್ಲಿ ಮೀನು ಹುರಿದು ಮಾರುವುದು ಆಕೆಯ ಕೆಲಸ. ಎಣ್ಣೆ, ಖಾರದ ಪುಡಿ, ನಿಂಬೆಹಣ್ಣು ಬೇಕೆಂದರೆ ಪೆನ್ನಾಗರಕ್ಕೆ ಹೋಗಬೇಕು. ಬರುವಾಗ ಬಸ್ಸಿನಲ್ಲಿ ನಿಂತುಕೊಂಡು, ಘಾಟ್ ರೋಡಿನ ತಿರುವಿನಲ್ಲಿ ಒಂದು ಕೈಲಿ ಕಂಬಿ, ಇನ್ನೊಂದು ಕೈಲಿ ಎಣ್ಣೆ ಡಬ್ಬ. ಇಪ್ಪತ್ತು ವರ್ಷದಿಂದ ಹೀಗೇ.

ಗಂಡ ಮಾರಿಯಪ್ಪ ತೆಪ್ಪ ನಡೆಸುತ್ತಾನೆ. ಐವತ್ತೆರಡು ವರ್ಷ. ಹೋದ ಆಡಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಹೊಳೆ ತುಂಬಿ ಬಂತು, ತೆಪ್ಪ ಬಿಡಬಾರದು ಅಂತ ಆರ್ಡರ್ ಆಯಿತು. ಕೈಲಿ ಕೆಲಸವಿಲ್ಲದೆ ಕೂತಿದ್ದಾಗ ಸ್ನೇಹಿತ ಪಳನಿ ಬಂದ. ಪಳನಿಯದು ಮಿನಿ ಲಾರಿ. ಆಗಾಗ ಹಳೆ ಬೈಕು ಕೊಂಡು ಮಾರುವುದೂ ಉಂಟು.

"ಲೇ ಮಾರಿಯಪ್ಪ, ಒಂದು ವಂಡಿ ಐತೆ. ಸೇಲಂ ಕಡೇದು. ಇಂಜಿನ್ ಸೂಪರ್. ತಕ್ಕೊಳ್ತೀಯಾ?"

ಮಾರಿಯಪ್ಪ ನೋಡಿದ. ಕೆಂಪು ಬಣ್ಣ, ಉದ್ದನೆ ಸೀಟು. ಒಂದು ಕಿಕ್‌ಗೆ ಸ್ಟಾರ್ಟ್ ಆಯಿತು. ಜೀವಮಾನದಲ್ಲಿ ಅವನದು ಅಂತ ಒಂದು ಸೈಕಲ್ ಬಿಟ್ಟು ಬೇರೆ ಗಾಡಿ ಇರಲಿಲ್ಲ. ಅವತ್ತೇ ಮುಂಗಡ ಕೊಟ್ಟ. ಪಳನಿ ಗಾಡಿಯನ್ನು ತಾನೇ ಓಡಿಸಿಕೊಂಡು ಬಂದು ಮನೆ ಮುಂದೆ ಹೊಂಗೆ ಮರದ ಕೆಳಗೆ ನಿಲ್ಲಿಸಿದ. ಗಂಗಲಕ್ಷ್ಮಮ್ಮ ಅರಿಶಿನ ಕುಂಕುಮ ಇಟ್ಟು, ಚಕ್ರಕ್ಕೆ ನಿಂಬೆಹಣ್ಣು ಇಟ್ಟಳು.

"ನಾಳೆ ಬೆಳಗ್ಗೆ ಪೆನ್ನಾಗರಕ್ಕೆ ಇದ್ರಲ್ಲೇ ಓಗಾನ," ಅಂದ ಮಾರಿಯಪ್ಪ.

ಪಕ್ಕದ ಮನೆ ಪುಷ್ಪಾ ಅಷ್ಟರಲ್ಲಿ ಬಂದಳು. ಪುಷ್ಪಾ ಪೆನ್ನಾಗರದ ಇ-ಸೇವೆ ಸೆಂಟರಿನಲ್ಲಿ ಕೆಲಸ ಮಾಡುವ ಹುಡುಗಿ. ಊರವರ ಪಡಿತರ ಕಾರ್ಡು, ಪಿಂಚಣಿ ಅರ್ಜಿ ಎಲ್ಲ ಅವಳ ಕೈಮೇಲೇ ಹೋಗುವುದು.

"ಮಾವ, ಗಾಡಿ ಚೆನ್ನಾಗೈತೆ. ಆರ್‌ಸಿ ಯಾರ ಹೆಸರಲ್ಲೈತೆ?"

"ಪಳನೀದೇ ಇರ್ತದೆ. ಅವನೇ ತಾನೆ ಮಾರಿದ್ದು."

ಪುಷ್ಪಾ ಫೋನ್ ತೆಗೆದು ಗಾಡಿ ನಂಬರ್ ಒತ್ತಿದಳು. ಹೆಸರಿನ ಜಾಗದಲ್ಲಿ ಅರ್ಧ ಅಕ್ಷರ, ಅರ್ಧ ಚುಕ್ಕಿ. ಆದರೆ ಅದು ಪಳನಿಯ ಹೆಸರಲ್ಲ ಅನ್ನುವುದು ಚೆನ್ನಾಗಿ ಕಾಣುತ್ತಿತ್ತು. ಇನ್ಶೂರೆನ್ಸ್ ತೀರಿ ಹದಿನಾಲ್ಕು ತಿಂಗಳಾಗಿತ್ತು. ಪಳನಿ ಕೊಟ್ಟಿದ್ದ ಆರ್‌ಸಿ ಬಿಡಿಸಿ ನೋಡಿದರೆ, ವೆಂಕಟರಾಮ, ಶೆವ್ವಾಪೇಟೆ, ಸೇಲಂ ಅಂತಿತ್ತು.

"ಅದಕ್ಕೇನಿವಾಗ?" ಅಂದ ಪಳನಿ. "ಎರಡು ಕೈ ಬದಲಾಗಿ ನನ್ ತಾವ ಬಂತು. ಇಲ್ಲಿಂದ ಪೆನ್ನಾಗರಕ್ಕೆ ಯಾರು ಇಡೀತಾರೆ? ಓಡಿಸ್ಕೊಂಡು ಓಗು, ಆಮೇಲೆ ನೋಡ್ಕೊಳ್ಳಾನ."

"ಮಾವನಿಗೆ ಲೈಸೆನ್ಸ್ ಐತಾ?" ಅಂದಳು ಪುಷ್ಪಾ.

ಮಾರಿಯಪ್ಪ ಮರದ ಕಡೆ ನೋಡಿದ.

"ತೆಪ್ಪ ನಡೆಸೋಕೂ ಪಂಚಾಯ್ತಿ ಲೈಸೆನ್ಸ್ ತಾನೆ ಮಾವ? ಲೈಫ್ ಜಾಕೆಟ್ ಆಕದೆ ಒಬ್ಬರನ್ನೂ ಕೂರಿಸಲ್ಲ ನೀವು."

"ಅದು ನೀರಮ್ಮಾ. ಇದು ರೋಡು. ಬಿದ್ರೆ ಎದ್ದು ಬರಬೋದು."

ಗಂಗಲಕ್ಷ್ಮಮ್ಮನೂ ಗಂಡನ ಕಡೆಗೇ ಇದ್ದಳು. "ಪುಷ್ಪಾ, ನಿಂಗೆ ಓದು ಬರ್ತದೆ, ನಂಗೆ ಎಣ್ಣೆ ಡಬ್ಬ ಒತ್ತು ಕೈ ನೋವು. ಗಾಡಿ ಮನೆ ಬಾಗಿಲಲ್ಲಿ ಇಟ್ಕೊಂಡು ಬಸ್ಸಿಗೆ ಓಗಂತೀಯಾ?"

ಪುಷ್ಪಾ ಜಗಳವಾಡಲಿಲ್ಲ. "ಅತ್ತೆ, ಒಂದು ಸಲ ಸೇಲಂಗೆ ಓಗಿ ಆ ವೆಂಕಟರಾಮ ಅನ್ನೋರನ್ನ ನೋಡ್ಕೊಂಡು ಬನ್ನಿ. ಅವರು ಸೈನ್ ಆಕಿದ್ರೆ ಗಾಡಿ ನಿಮ್ಮದು. ಆಕಲಿಲ್ಲ ಅಂದ್ರೆ ಪಳನಿ ಮಾವ ಮುಂಗಡ ವಾಪಸ್ ಕೊಡ್ತಾರೆ. ಬಾಕಿ ದುಡ್ಡು ಅಲ್ಲೀವರ್ಗೂ ಕೊಡಬೇಡಿ."

ಬಾಕಿ ದುಡ್ಡಿನ ಮಾತು ಬಂದ ಮೇಲೆ ಪಳನಿ ತಾನೂ ಬರುತ್ತೇನೆ ಅಂದ.

ಮಾರನೇ ದಿನ ಗಂಡ, ಹೆಂಡತಿ, ಪಳನಿ ಮೂವರೂ ಸೇಲಂ ಬಸ್ಸು ಹತ್ತಿದರು. ಶೆವ್ವಾಪೇಟೆಯಲ್ಲಿ ಕೇಳಿಕೊಂಡು ಕೇಳಿಕೊಂಡು ಮನೆ ಸಿಕ್ಕಿತು. ಬಾಗಿಲು ತೆಗೆದವರು ಬಿಳಿ ಪಂಚೆ ಉಟ್ಟ ಹಿರಿಯರು. ಮಾರಿಯಪ್ಪ ಸೊಂಟ ಬಗ್ಗಿಸಿ ತಮಿಳಿನಲ್ಲಿ, "ವಣಕ್ಕಂಗ ಅಯ್ಯಾ, ಒರು ವಂಡಿ ವಿಷಯಮಾ..." ಅಂತ ಗಾಡಿಯ ಮಾತು ಶುರು ಮಾಡಿದ. ಒಳಗಿನಿಂದ ಒಂದು ಹೆಣ್ಣು ಧ್ವನಿ, "ಯಾರು ರೀ ಬಂದಿರೋದು?" ಅಂತ ಕನ್ನಡದಲ್ಲಿ ಕೇಳಿತು. ಮಾರಿಯಪ್ಪನ ಮುಖ ಅರಳಿತು.

"ನೀವು ನಮ್ಮೋರೇನಾ? ಒಗೇನಕಲ್ಲಿಂದ ಬಂದಿದೀವಿ ಸಾಮಿ. ನಿಮ್ಮ ಕೆಂಪು ಗಾಡಿ ನಮ್ಮ ಮನೇಲೈತೆ."

ವೆಂಕಟರಾಮ ಬಾಗಿಲು ಹಿಡಿದುಕೊಂಡರು. "ಏನಾಯಿತು? ಯಾರಿಗಾದರೂ ಪೆಟ್ಟಾಯಿತೇ?"

"ಏನೂ ಆಗಿಲ್ಲ ಸಾಮಿ. ಎಸರು ಬದಲಾಯಿಸ್ಕೊಳ್ಳೋಕೆ ಬಂದಿದೀವಿ."

ಅವರು ಕುರ್ಚಿಯಲ್ಲಿ ಕೂತುಬಿಟ್ಟರು. ಅವರ ಹೆಂಡತಿ ಭಾಮಾ ಎಲ್ಲರಿಗೂ ನೀರು ತಂದುಕೊಟ್ಟರು. ಆಮೇಲೆ ನಡೆದದ್ದನ್ನು ಭಾಮಾ ಅವರೇ ಹೇಳಿದರು.

"ಎರಡು ವರ್ಷದ ಹಿಂದೆ ಇವರ ಬೈಕು, ನನ್ನ ಸ್ಕೂಟರು, ಎರಡನ್ನೂ ಒಬ್ಬ ಬ್ರೋಕರ್‌ಗೆ ಮಾರಿದ್ವಿ. ಹೆಸರು ನಾನೇ ಬದಲಾಯಿಸ್ತೀನಿ ಅಂತ ಆರ್‌ಸಿ ತಗೊಂಡು ಹೋದ. ಆಮೇಲೆ ಫೋನೇ ತೆಗೀಲಿಲ್ಲ. ಒಂದು ದಿನ ನಾನು ಬಾಗಿಲಿಗೆ ನೀರು ಹಾಕ್ತಿದ್ದೆ, ಪೊಲೀಸರು ಬಂದ್ರು. ನಿಮ್ಮ ಸ್ಕೂಟರು ಓಮಲೂರು ಹತ್ರ ಒಬ್ಬ ಅಜ್ಜಿಗೆ ಹೊಡೆದಿದೆ ಅಂದ್ರು. ಓಡಿಸ್ತಿದ್ದವನಿಗೆ ಲೈಸೆನ್ಸೂ ಇಲ್ಲ, ಗಾಡಿಗೆ ಇನ್ಶೂರೆನ್ಸೂ ಇಲ್ಲ. ಕಾಗದದಲ್ಲಿ ಇದ್ದದ್ದು ನನ್ನ ಹೆಸರು ಒಂದೇ."

"ಆಯಮ್ಮ?" ಅಂದಳು ಗಂಗಲಕ್ಷ್ಮಮ್ಮ.

"ರಸ್ತೆ ಪಕ್ಕ ಸೊಪ್ಪು ಮಾರ್ತಾ ಕೂತಿದ್ರಂತೆ. ಕಾಲು ಮುರೀತು. ನಾನು ಆಸ್ಪತ್ರೆಗೆ ಹೋಗಿ ನೋಡಿದೆ. ಇನ್ಶೂರೆನ್ಸ್ ಇದ್ದಿದ್ರೆ ಕಂಪನಿಯಾದ್ರೂ ಕೊಡ್ತಿತ್ತು. ಆಕೆ ಮತ್ತೆ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೂರೋದಕ್ಕೆ ಎಂಟು ತಿಂಗಳಾಯಿತು. ನಾವು ಕೋರ್ಟಿಗೆ ಓಡಾಡೋದು ಇನ್ನೂ ಮುಗಿದಿಲ್ಲ. ಬೈಕು ಎಲ್ಲಿದೆಯೋ, ಯಾರ ಮೇಲೆ ಹೋಗುತ್ತೋ ಅಂತ ಇವರು ದಿನಾ ಕಾಯ್ತಿದ್ರು."

ಗಂಗಲಕ್ಷ್ಮಮ್ಮ ನೀರಿನ ಲೋಟ ಕೆಳಗಿಟ್ಟಳು. ಇಪ್ಪತ್ತು ವರ್ಷದಿಂದ ಅವಳು ಕೂರುವುದೂ ಹೊಳೆ ದಂಡೆಯ ರೋಡ್ ಪಕ್ಕದಲ್ಲೇ. ಹಿಂದೆ ಗಾಡಿಗಳು ಹೋಗುತ್ತಲೇ ಇರುತ್ತವೆ, ಮುಂದೆ ಕಾದ ಎಣ್ಣೆ.

ಪಳನಿ ನೆಲ ನೋಡುತ್ತಿದ್ದ.

ವೆಂಕಟರಾಮ ಅವತ್ತೇ ಹೆಸರು ಬದಲಾಯಿಸುವ ಇಪ್ಪತ್ತೊಂಬತ್ತು, ಮೂವತ್ತನೇ ನಂಬರಿನ ಎರಡೂ ಫಾರಂಗಳಿಗೆ ಸೈನ್ ಹಾಕಿದರು, ಆಧಾರ್ ಕಾಪಿ ಕೊಟ್ಟರು, ಸೇಲಂ ಆಫೀಸಿಂದ ಬೇಕಾದ ಕಾಗದ ತಾವೇ ತರಿಸಿಕೊಡುತ್ತೇವೆ ಅಂದರು. ಊಟ ಮಾಡದೆ ಕಳಿಸಲಿಲ್ಲ. ಹುಳಿ ಅನ್ನ ತಿನ್ನುತ್ತಾ ಗಂಗಲಕ್ಷ್ಮಮ್ಮ, "ಮುಂದಿನ ಸಲ ನೀವು ಬನ್ನಿ, ಮೀನು..." ಅಂತ ಶುರು ಮಾಡಿ, ಇದು ಮೀನು ತಿನ್ನುವ ಮನೆಯಲ್ಲ ಅಂತ ನೆನಪಾಗಿ, "ಹೊಳೆ ತೋರಿಸ್ತೀವಿ," ಅಂದಳು. ಭಾಮಾ ನಕ್ಕುಬಿಟ್ಟರು.

ಊರಿಗೆ ಬಂದ ಕೂಡಲೆ ಗಂಗಲಕ್ಷ್ಮಮ್ಮ ಗಾಡಿ ಕೀಯನ್ನು ಗಂಡನ ಕೈಯಿಂದ ತೆಗೆದುಕೊಂಡು ಸೆರಗಿಗೆ ಗಂಟು ಹಾಕಿಕೊಂಡಳು. "ಎಲ್ಲಾ ಕಾಗ್ದ ಬರ್ಲಿ. ಅಲ್ಲೀವರ್ಗೂ ಕೇಳಬೇಡ."

ಕಾಯುವ ದಿನಗಳು ಶುರುವಾದವು. ಇನ್ಶೂರೆನ್ಸ್ ಹೊಸದಾಗಿ ಆಯಿತು. ಹೊಗೆ ತಪಾಸಣೆಗೆ, ಧರ್ಮಪುರಿ ಆರ್‌ಟಿಓ ಆಫೀಸಿಗೆ ಗಾಡಿಯನ್ನು ಪಳನಿ ತನ್ನ ಮಿನಿ ಲಾರಿಯಲ್ಲೇ ಹೊತ್ತುಕೊಂಡು ಹೋದ. ಬಾಡಿಗೆ ಕೇಳಲಿಲ್ಲ. ನಲವತ್ತು ದಾಟಿದವರಿಗೆ ಡಾಕ್ಟರ್ ಸರ್ಟಿಫಿಕೇಟ್ ಬೇಕು ಅಂತ ಮಾರಿಯಪ್ಪನ ಕಣ್ಣು ಪರೀಕ್ಷೆಯೂ ಆಯಿತು. ಪುಷ್ಪಾ ರೋಡ್ ಗುರುತುಗಳ ಚಿತ್ರ ತೋರಿಸಿ ಪಾಠ ಹೇಳಿದಳು. ಕಲಿಯುವವರಿಗೆ ಕೊಡುವ ಎಲ್‌ಎಲ್‌ಆರ್ ಬಂತು. ಅದು ಬಂದ ಮೇಲೂ ಒಂದು ತಿಂಗಳು ಕಳೆದೇ ಲೈಸೆನ್ಸ್ ಟೆಸ್ಟು. ಪೆನ್ನಾಗರದ ಡ್ರೈವಿಂಗ್ ಸ್ಕೂಲಿನ ಗಾಡಿಯಲ್ಲಿ ಎಲ್ ಬೋರ್ಡ್ ಕಟ್ಟಿಕೊಂಡು ಕಲಿತ. ತನ್ನ ಗಾಡಿ ಮಾತ್ರ ಮರದ ಕೆಳಗೆ.

ದಿನಾ ಬೆಳಗ್ಗೆ ಅದನ್ನು ತೊಳೆಯುತ್ತಿದ್ದ. ಸ್ಟ್ಯಾಂಡ್ ಹಾಕಿದ್ದಂಗೇ ಮೇಲೆ ಕೂರುತ್ತಿದ್ದ. ದಾರಿಯಲ್ಲಿ ಹೋಗುವವರು, "ಏನ್ ಮಾರಿಯಪ್ಪ, ಎಲ್ಲೀವರ್ಗೂ ಓದೆ?" ಅಂದರೆ, "ಕಾರಿಮಂಗಲಂ ದಾಟ್ದೆ," ಅನ್ನುತ್ತಿದ್ದ. ಒಂದು ದಿನ ಗಂಗಲಕ್ಷ್ಮಮ್ಮ ಹ್ಯಾಂಡಲ್ ಮೇಲೆ ಒದ್ದೆ ಸೀರೆ ಹರವಿದಳು. ಅವತ್ತು ಅವನು ಮಧ್ಯಾಹ್ನದ ತನಕ ಮಾತು ಬಿಟ್ಟ. ಕೋಳಿಯೊಂದು ಸೀಟಿನ ಮೇಲೆ ಮೊಟ್ಟೆ ಇಟ್ಟಾಗ ಊರೆಲ್ಲ ನೋಡಲು ಬಂತು.

ನಲವತ್ತಾರನೇ ದಿನ ಧರ್ಮಪುರಿಯಲ್ಲಿ ಟೆಸ್ಟು. ಎಂಟು ಆಕಾರದಲ್ಲಿ ಕಾಲು ನೆಲಕ್ಕೆ ತಾಗಿಸದೆ ಸ್ಕೂಲಿನ ಗಾಡಿ ತಿರುಗಿಸಿದ. "ಸುಳಿಯಲ್ಲಿ ತೆಪ್ಪ ತಿರುಗಿಸಿದಂಗೇ ಬಿಡು," ಅಂತ ಪುಷ್ಪಾಗೆ ಹೇಳಿದ. ಲೈಸೆನ್ಸ್ ಸಿಕ್ಕಿತು. ಅವನ ಹೆಸರಿನ ಆರ್‌ಸಿ ಹಿಂದಿನ ವಾರವೇ ಅಂಚೆಯಲ್ಲಿ ಬಂದಿತ್ತು, ಪಳನಿಯ ಬಾಕಿಯೂ ಅವತ್ತೇ ತೀರಿತ್ತು. ವೆಂಕಟರಾಮರಿಗೆ ಫೋನ್ ಮಾಡಿ ವಿಷಯ ತಿಳಿಸಿದ. ಆ ಕಡೆಯಿಂದ, "ಇವತ್ತು ನಿದ್ದೆ ಬರುತ್ತಪ್ಪ," ಅಂತ ಕೇಳಿಸಿತು.

ಮಾರನೇ ದಿನ ಗಂಗಲಕ್ಷ್ಮಮ್ಮ ಮಲ್ಲಿಗೆ ಮುಡಿದು ಬಂದಳು. ಮಾರಿಯಪ್ಪ ಎರಡು ಹೆಲ್ಮೆಟ್ ಹಿಡಿದು ನಿಂತಿದ್ದ.

"ಇಂದೆ ಕೂರೋಳಿಗೂ ಇದ್ಯಾಕೆ? ಊವು ನಜ್ಜಾಗ್ತದೆ."

"ಊವು ನಾಳೆ ಸಿಗ್ತದೆ. ತಲೆ ಸಿಗ್ತದಾ?"

ಅವಳು ಹೂವನ್ನು ಬಿಚ್ಚಿ ಹ್ಯಾಂಡಲ್‌ಗೆ ಸುತ್ತಿ, ಹೆಲ್ಮೆಟ್ ಹಾಕಿಕೊಂಡು, ಪಟ್ಟಿ ಬಿಗಿದು ಕೂತಳು. ಪಳನಿ ಅಲ್ಲೇ ನಿಂತು ನೋಡುತ್ತಿದ್ದ. ಗಾಡಿ ಹೊರಟ ಮೇಲೆ ಜೇಬಿನಿಂದ ಒಂದು ಚೀಟಿ ತೆಗೆದು ಪುಷ್ಪಾಗೆ ಕೊಟ್ಟ. ಅದರಲ್ಲಿ ಮೂರು ಗಾಡಿ ನಂಬರ್ ಇದ್ದವು.

"ಇವು ನಾನು ಮಾರಿರೋವು. ಯಾರ ಎಸರಲ್ಲಿ ಅವೆ ನೋಡಮ್ಮಾ. ಒಬ್ಬೊಬ್ಬರನ್ನೇ ಇಡ್ಕೊಂಡು ಬಂದು ಸೈನ್ ಆಕಿಸ್ತೀನಿ."

ಘಾಟ್ ರೋಡಿನಲ್ಲಿ ಕೋತಿಗಳು ತಡೆಗೋಡೆ ಮೇಲೆ ಕೂತಿದ್ದವು. ಮಾರಿಯಪ್ಪ ಪ್ರತಿ ತಿರುವಿನಲ್ಲೂ ಹಾರ್ನ್ ಹೊಡೆದು ನಿಧಾನಕ್ಕೆ ಹೋದ. ಹಿಂದಿನಿಂದ ಬಂದ ಬಸ್ಸು ಅವರನ್ನು ದಾಟಿತು. ಕಿಟಕಿಯಿಂದ ಯಾರೋ ಕೈ ಬೀಸಿದರು. ಪೆನ್ನಾಗರ ಬಂತು, ಸಂತೆ ಬೀದಿ ಬಂತು. ಅವನು ಗಾಡಿ ನಿಲ್ಲಿಸಿದ. ಅವಳು ಇಳಿಯಲಿಲ್ಲ.

"ಏನಮ್ಮಾ, ಎಣ್ಣೆ ತರಲ್ವಾ?"

"ತರಾನ. ಇನ್ನೊಂಚೂರು ದೂರ ಓಗಿ ಬಂದು ತರಾನ."

ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಗೂ ಒಂದು ಹಳೆ ಗಾಡಿ ಬರುವುದಿದ್ದರೆ ಸಂತೋಷ, ಬರಲಿ. ಆದರೆ ಪೂರ್ತಿ ದುಡ್ಡು ಕೊಡುವ ಮುಂಚೆ ನಂಬರ್ ಹಾಕಿ ನೋಡಿ. ಆರ್‌ಸಿ ನಿಮ್ಮ ಹೆಸರಿಗೆ ಬರಲಿ, ಇನ್ಶೂರೆನ್ಸ್ ಇರಲಿ, ಲೈಸೆನ್ಸ್ ಕೈಗೆ ಬಂದ ಮೇಲೆ ಕೀ ತಿರುಗಿಸಿ. ಮುಂದೆ ಕೂತವರಿಗೂ ಹಿಂದೆ ಕೂತವರಿಗೂ ಹೆಲ್ಮೆಟ್ ಇರಲಿ. ನೀವೇ ಗಾಡಿ ಮಾರಿದ್ದರೆ, ಕಾಗದದಲ್ಲಿ ಇನ್ನೂ ಯಾರ ಹೆಸರಿದೆ ಅಂತ ಇವತ್ತೇ ವಿಚಾರಿಸಿ. ಗೊತ್ತಾಗದಿದ್ದರೆ ಹತ್ತಿರದ ಇ-ಸೇವೆ ಸೆಂಟರಿಗೆ ಹೋಗಿ ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ. ರಸ್ತೆ ಪಕ್ಕ ಬುಟ್ಟಿ ಇಟ್ಟುಕೊಂಡು ಕೂತವರು ನಿಮ್ಮನ್ನು ನಂಬಿ ಕೂತಿದ್ದಾರೆ.